ಪಿಟೀಲು ಬಿಟ್ಟು ವಯೋಲಾ ಹಿಡಿದರೆ ತಪ್ಪೇನು?

ಅಕ್ಕನ ಮಗಳು ಧಾರವಾಡದಲ್ಲಿ ಹಿಂದೂಸ್ತಾನಿ ಪಿಟೀಲು ಕಲಿತವಳು. ಆಮೇಲೆ ಪಾಶ್ಚಾತ್ಯ ನೊಟೇಶನ್ ಹಿಂದೆ ಬಿದ್ದಳು. ಈಗ ವಯೋಲಾ ಕಲೀತೀನಿ ಅಂತ ಹಟ ಹಿಡಿದಿದ್ದಾಳೆ. ಮನೆಯಲ್ಲಿ ದೊಡ್ಡ ಪಂಚಾಯ್ತಿ. "ಎಲ್ಲಾರೂ ಕೇಳೋ ಪಿಟೀಲ್ ಬಿಟ್ಟು, ಯಾರಿಗೂ ಕೇಳಸದ್ದನ್ನ ಯಾಕ ಹಿಡೀತಿಯವಾ?" ಅಂತ ನಮ್ಮ ದೊಡ್ಡವ್ವನ ತಕರಾರು. ನಾನು ಹುಡುಗಿಯ ಕಡೆ.

ವಯೋಲಾ ನೋಡದವರಿಗೆ ಹೇಳೋದಾದರೆ, ಅದು ಪಿಟೀಲಿನ ಅಕ್ಕ. ಪಿಟೀಲಿನ ಒಡಲು ಸುಮಾರು 14 ಇಂಚು, ಇದರದ್ದು 15ರಿಂದ 17. ಮೇಲಿನ ಸಣ್ಣ ತಂತಿ ಇರಲ್ಲ, ಕೆಳಗೊಂದು ದಪ್ಪ ತಂತಿ ಇರುತ್ತೆ. ಆ ಮಂದ್ರ ಸ್ವರಕ್ಕೆ ತಕ್ಕ ಹಾಗೆ ಮಾಡಲು ಹೋದರೆ ಒಡಲು 20 ಇಂಚಾದರೂ ಬೇಕು. ಅದನ್ನು ಯಾರ ಹೆಗಲೂ ಹೊರಲ್ಲ. ಹಾಗಾಗಿ ರಾಜಿ ಮಾಡಿಕೊಂಡಿದ್ದಾರೆ. ಅದಕ್ಕೇ ದಪ್ಪ ತಂತಿ ಸುಮ್ನೆ ಕಮಾನು ಎಳೆದರೆ ಬಾಯಿ ಬಿಡಲ್ಲ. ತೋಳಿನ ಭಾರ ಹಾಕಬೇಕು. ಬೆರಳು ಇನ್ನಷ್ಟು ಅಗಲಿಸಬೇಕು. ಓದಬೇಕಾದ್ದು ಆಲ್ಟೋ ಕ್ಲೆಫ್ (ಯಾವ ಗೆರೆ ಯಾವ ಸ್ವರ ಅಂತ ಹೇಳೋ ಗುರುತು, ಪಿಟೀಲಿನದಕ್ಕಿಂತ ಬೇರೆ), ಪಿಟೀಲಿನ ಅಭ್ಯಾಸದಲ್ಲಿ ಓದಿದರೆ ಎಲ್ಲಾ ಅಪಸ್ವರ. ನಮ್ಮ ಹುಡುಗಿಗೆ ಇನ್ನೊಂದು ತೊಂದರೆ ಇದೆ: ಮೀಂಡ್‌ಗೆ, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದಕ್ಕೆ, ಒಗ್ಗಿದ ಬೆರಳು. ಆರ್ಕೆಸ್ಟ್ರಾದಲ್ಲಿ ಹತ್ತು-ಹನ್ನೆರಡು ಜನ ಒಂದೇ ಸಾಲು ನುಡಿಸುವಾಗ ಒಬ್ಬಳದೇ ಬೆರಳು ಜಾರಿದರೆ ಮುಗೀತು.

"ಈಗ ತಡ ಆಯ್ತು" ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ. ವಯೋಲಾದಲ್ಲಿ ದೊಡ್ಡ ಹೆಸರಾದ ಲಯನೆಲ್ ಟರ್ಟಿಸ್, ವಿಲಿಯಂ ಪ್ರಿಮ್‌ರೋಸ್ ಇಬ್ಬರೂ ಮೊದಲು ಪಿಟೀಲಿನವರೇ. ದೊಡ್ಡವರಾದ ಮೇಲೆ ವಯೋಲಾಕ್ಕೆ ಬಂದವರು. ನಮ್ಮ ಬಾಲಮುರಳಿಕೃಷ್ಣ ಅವರೂ ವಯೋಲಾ ನುಡಿಸುತ್ತಿದ್ದರು, ಅದೂ ಕರ್ನಾಟಕ ಸಂಗೀತ!

ಹೊಟ್ಟೆಪಾಡಿನ ಪ್ರಶ್ನೆ ದೊಡ್ಡದು, ಹೌದು. ಹೊರದೇಶದ ಆರ್ಕೆಸ್ಟ್ರಾಗಳಲ್ಲಿ ಆಡಿಷನ್ ಇರುತ್ತೆ. ಸಾಮಾನ್ಯವಾಗಿ ಸ್ಟಾಮಿಟ್ಸ್ ಅಥವಾ ಹಾಫ್‌ಮೈಸ್ಟರ್ ಅವರ ಕಾಂಚೆರ್ಟೊ (ಒಬ್ಬ ವಾದಕ ಮುಂದೆ, ಆರ್ಕೆಸ್ಟ್ರಾ ಜೊತೆಗೆ ನುಡಿಸೋ ಕೃತಿ), ಜೊತೆಗೆ ಆರ್ಕೆಸ್ಟ್ರಾ ಕೃತಿಗಳ ಕಠಿಣ ತುಣುಕುಗಳು. ಎಷ್ಟೋ ಕಡೆ ಪರದೆಯ ಹಿಂದೆ ನುಡಿಸಬೇಕು. ಯಾರ ಮಗಳು, ಯಾವ ಊರು, ಯಾರ ಶಿಷ್ಯೆ, ಒಂದೂ ಗೊತ್ತಾಗಲ್ಲ. ಈ ಪದ್ಧತಿ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಅಂಥ ಕುರ್ಚಿಗಳೇ ಕಡಿಮೆ. 2006ರಲ್ಲಿ ಮುಂಬೈನ ಕಲಾಕೇಂದ್ರ ಎನ್‌ಸಿಪಿಎದಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ, ಅಲ್ಲೂ ಹೊರದೇಶದ ವಾದಕರು ಬಹಳ. ಉಳಿದದ್ದು ಪಾಠ ಹೇಳೋದು, ರೆಕಾರ್ಡಿಂಗ್. ಅವಳಿಗೆ ಇದನ್ನೆಲ್ಲ ಬಿಡಿಸಿ ಹೇಳಿದ್ದೇನೆ.

ಆದರೆ "ಆರ್ಕೆಸ್ಟ್ರಾದ ನಡುವೆ ಕೂತು ನುಡಿಸೋರನ್ನ ಯಾರ್ ಕೇಳ್ತಾರ?" ಅಂತ ಧಾರವಾಡದವರೇ ಅಂದರೆ ಸಿಟ್ಟು ಬರುತ್ತೆ. ಮನ್ಸೂರ್, ಗಂಗೂಬಾಯಿ, ರಾಜಗುರು ನಮಗೆ ಬಾಯಿಪಾಠ. ಅವರ ಪಕ್ಕ ಹಾರ್ಮೋನಿಯಂ ಹಿಡಿದು ಕೂತವರ ನಾಲ್ಕು ಹೆಸರು ಹೇಳಿ ನೋಡೋಣ. ಬೈಠಕ್ಕಿನ ಕಾರ್ಡಿನಲ್ಲಿ ಸಾಥ್ ಕೊಡುವವರಿಗೆ ಕಡೇ ಸಾಲು, ಸಣ್ಣ ಅಕ್ಷರ. ಲಕೋಟೆಯಲ್ಲಿ ಎಷ್ಟಿದೆ ಅನ್ನೋದು ಮನೆಗೆ ಹೋಗಿ ಬಿಚ್ಚಿದ ಮೇಲೆಯೇ ಗೊತ್ತು. ಇಲ್ಲೇ ಪಕ್ಕದ ಗದಗಿನಲ್ಲಿ ಪುಟ್ಟರಾಜ ಗವಾಯಿಗಳು ಹಾಡುತ್ತಿದ್ದರು, ಹಾರ್ಮೋನಿಯಂ, ತಬಲಾ, ಪಿಟೀಲೂ ನುಡಿಸುತ್ತಿದ್ದರು. ಅವರಿಗೆ ಇಲ್ಲದ ಮೇಲು-ಕೀಳು ನಮಗೆ ಎಲ್ಲಿಂದ ಬಂತು?

ಸದ್ಯ ಒಂದು ಕೆಲಸ ಆಗಬೇಕಿದೆ. ಹುಡುಗಿಯ ತೋಳು ಗಿಡ್ಡ, 15 ಅಥವಾ 15½ ಇಂಚಿನ ವಯೋಲಾ ಬೇಕು. ಕೈಯಲ್ಲಿ ಹಿಡಿದು ನೋಡದೆ ಆನ್‌ಲೈನ್‌ನಲ್ಲಿ ತರಿಸಲು ಧೈರ್ಯವಿಲ್ಲ. ಹುಬ್ಬಳ್ಳಿ, ಬೆಳಗಾವಿ, ಗೋವಾ ಕಡೆ ಯಾರಾದರೂ ಹಳೆಯದನ್ನು ಮಾರುವವರಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ.