ಆರ್ಕೇಡ್ ಪೆಟ್ಟಿಗೆಗೆ ಯಾವ ಬಣ್ಣ ಅಂತ ಕೇಳುವ ಮೊದಲು ಪ್ರೈಮರ್ ಕೇಳಿ

ಮೊನ್ನೆ ಮನೆಯಲ್ಲೇ ಮಾಡಿದ ಆರ್ಕೇಡ್ ಪೆಟ್ಟಿಗೆಯ, ಅಂದರೆ ಅಂಗಡಿಗಳಲ್ಲಿ ಇರುತ್ತಿದ್ದಂಥ ವಿಡಿಯೋ ಗೇಮ್ ಯಂತ್ರದ, ಫೋಟೋ ಹಾಕಿದ್ದೆನಲ್ಲ, ಅದನ್ನು ನೋಡಿದವರೆಲ್ಲ ಕೇಳಿದ್ದು ಒಂದೇ. ಯಾವ ಕಂಪನಿ ಪೇಂಟ್, ಯಾವ ಶೇಡ್? ಬಣ್ಣಕ್ಕೂ ಮೊದಲು ತಳಕ್ಕೆ ಬಳಿಯುವ ಪ್ರೈಮರ್ ಯಾವುದು ಅಂತ ಒಬ್ಬರೂ ಕೇಳಲಿಲ್ಲ. ಬಣ್ಣ ನಿಮಗಿಷ್ಟವಾದದ್ದು ಯಾವುದನ್ನಾದರೂ ಹಾಕಿ, ನಡೆಯುತ್ತದೆ. ಪ್ರೈಮರ್ ತಪ್ಪಿದರೆ ಮಾತ್ರ ಮೇಲೆ ಎಷ್ಟು ದುಬಾರಿ ಬಣ್ಣ ಬಳಿದರೂ ದಂಡ.

ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಅಂಗಡಿಗೆ ಹೋಗಿ, ಚಿಲ್ಲರೆ ಕೊಟ್ಟು ಮುಸ್ತಫಾ ಆಡಿದವರಿಗೆ ಈ ಪೆಟ್ಟಿಗೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. (ಆ ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ನಮಗೆ ಅದು ಯಾವತ್ತಿದ್ದರೂ ಮುಸ್ತಫಾನೇ.) ಈಗ ಒಳಗೆ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್), ಹಳೆಯ ಮಾನಿಟರ್ ಇಟ್ಟರೆ ಆಟ ಶುರು. ಕಷ್ಟ ಇರುವುದೆಲ್ಲ ಹೊರಗಿನ ಕೆಲಸದಲ್ಲಿ.

ನನ್ನ ಮೊದಲ ಪೆಟ್ಟಿಗೆಗೆ 18 ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆ ತಂದಿದ್ದೆ. ಅಂಗಡಿಯವರು ಕೊಟ್ಟ ಪ್ರೈಮರ್ ಗೋಡೆಗೆ ಬಳಿಯುವಂಥದ್ದು, ನೀರು ಬೆರೆಸುವಂಥದ್ದು. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ರಾತ್ರಿ ಬಳಿದು ಮಲಗಿದೆ. ಬೆಳಿಗ್ಗೆ ಎದ್ದು ಕೈಯಾಡಿಸಿದರೆ ಅಂಚೆಲ್ಲ ಉಬ್ಬಿಕೊಂಡಿದೆ, ಮೇಲ್ಮೈ ಗಡ್ಡ ಬೋಳಿಸಿ ಎರಡು ದಿನವಾದ ಕೆನ್ನೆಯ ಹಾಗೆ ತರಿತರಿ. ಪಕ್ಕದ ಬೀದಿಯಲ್ಲಿ ಫರ್ನಿಚರ್‌ಗೆ ಬಣ್ಣ ಹೊಡೆಯುವವರೊಬ್ಬರು ಬಂದು ನೋಡಿ, "ಇದು ನೀರು ಕುಡಿದುಬಿಟ್ಟಿದೆ ಸಾರ್, ಇನ್ನು ಎಷ್ಟು ಉಜ್ಜಿದರೂ ಹಳೇ ಅಂಚು ಬರಲ್ಲ" ಅಂದರು. ಅವರ ಮಾತೇ ನಿಜವಾಯಿತು. ಎರಡೂ ಪಕ್ಕದ ಹಲಗೆಗಳನ್ನು ಹೊಸದಾಗಿ ಕುಯ್ಯಿಸಬೇಕಾಯಿತು.

ಯಾಕೆ ಹೀಗಾಗುತ್ತದೆ ಅಂದರೆ, ಎಂಡಿಎಫ್ ಅನ್ನುವುದು ಮರದ ನಾರನ್ನು ರಾಳದ ಅಂಟಿನ ಜೊತೆ ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಒತ್ತುವಾಗ ಮೇಲ್ಮೈ ಗಟ್ಟಿಯಾಗುತ್ತದೆ, ಹೊಟ್ಟೆಯ ಭಾಗ ಅಷ್ಟು ಗಟ್ಟಿಯಾಗುವುದಿಲ್ಲ. ಕುಯ್ದಾಗ ಆ ಹೊಟ್ಟೆ ಅಂಚಿನಲ್ಲಿ ಹೊರಗೆ ಕಾಣುತ್ತದೆ, ಹಾಕಿದ್ದನ್ನೆಲ್ಲ ಹೀರುತ್ತದೆ. ಅಡುಗೆಮನೆ ಕಪಾಟಿನಲ್ಲಾದರೆ ಅಂಚು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಆರ್ಕೇಡ್ ಪೆಟ್ಟಿಗೆಗೆ ಅಂದ ಬರುವುದೇ ಪಕ್ಕದ ಹಲಗೆಯ ಆ ಬಳುಕಿನಿಂದ ಅಲ್ವಾ? ಅಲ್ಲಿ ಅಂಚು ಕೆಟ್ಟರೆ ಎಲ್ಲ ಕೆಟ್ಟ ಹಾಗೆಯೇ.

ಹಾಗಾಗಿ ಈಗ ನಾನು ಮೊದಲು ಮುಟ್ಟುವುದು ಅಂಚನ್ನೇ. 180 ನಂಬರಿನ ಎಮ್ರಿ ಪೇಪರ್‌ನಿಂದ ಉಜ್ಜಿ (ಮಾಸ್ಕ್ ಹಾಕಿಕೊಂಡೇ ಉಜ್ಜಿ, ಆ ಧೂಳು ಎದೆಗೆ ಒಳ್ಳೆಯದಲ್ಲ), ಆಮೇಲೆ ಅರಗು ಬಳಿಯುತ್ತೇನೆ. ಹೌದು, ನಮ್ಮ ಬಡಗಿಗಳು ಸ್ಪಿರಿಟ್‌ನಲ್ಲಿ ಕರಗಿಸಿ ಫ್ರೆಂಚ್ ಪಾಲಿಶ್ ಮಾಡುವ ಅದೇ ಅರಗು. ಅದರಲ್ಲಿ ನೀರು ಸೇರಿಸುವುದಿಲ್ಲ, ಬೇಗ ಒಣಗುತ್ತದೆ, ನಾರನ್ನು ಹಿಡಿದು ನಿಲ್ಲಿಸುತ್ತದೆ. ಮೇಲೆ ಪಿಯು (ಪಾಲಿಯುರೆಥೇನ್ ಬಣ್ಣ) ಹೊಡೆಸುವವರು ಮಾತ್ರ ಮೇಣ ತೆಗೆದ ಅರಗನ್ನೇ ಕೇಳಿ ತನ್ನಿ, ಇಲ್ಲದಿದ್ದರೆ ಪಿಯು ಸರಿಯಾಗಿ ಹಿಡಿಯದೆ ಹೋಗಬಹುದು. ಫೆವಿಕಾಲ್‌ಗೆ ನೀರು ಬೆರೆಸಿ ಬಳಿಯುವವರೂ ಇದ್ದಾರೆ. ಕೆಲಸ ಆಗುತ್ತದೆ, ಆದರೆ ಉಜ್ಜುವುದು ಜಾಸ್ತಿ.

ಆಮೇಲೆ ಆಯಿಲ್ ಬೇಸ್ ವುಡ್ ಪ್ರೈಮರ್. ಮೊದಲ ಕೋಟ್‌ಗೆ ಸ್ವಲ್ಪ ಟರ್ಪಂಟೈನ್ ಬೆರೆಸಿ ತೆಳ್ಳಗೆ ಬಳಿದು, ಒಣಗಿದ ಮೇಲೆ 220ರಲ್ಲಿ ಉಜ್ಜಿ, ಇನ್ನೊಂದು ಕೋಟ್. ಸಣ್ಣ ಗುಂಡಿಗಳಿದ್ದರೆ ನಡುವೆ ವುಡ್ ಪುಟ್ಟಿ. ಕೆಲವರು ರೆಡ್ ಆಕ್ಸೈಡ್ ಇದೆ, ಅದನ್ನೇ ಹೊಡೆಯಲಾ ಅಂತ ಕೇಳುತ್ತಾರೆ. ಬೇಡ. ಅದು ಕಬ್ಬಿಣದ ತುಕ್ಕಿಗೆ ಮಾಡಿದ್ದು.

ಬಣ್ಣಕ್ಕೆ ನನ್ನ ಓಟು ಸಾಮಾನ್ಯ ಎನಾಮಲ್‌ಗೆ, ನಾಲ್ಕು ಇಂಚಿನ ಫೋಮ್ ರೋಲರ್‌ನಲ್ಲಿ. ಬ್ರಷ್‌ನ ಗೆರೆ ಬೀಳುವುದಿಲ್ಲ. ಬಿಳಿ ಬಣ್ಣ ಬೇಕು ಅನ್ನುವವರು ಒಂದು ತಿಳಿದುಕೊಂಡಿರಿ, ಆಯಿಲ್ ಎನಾಮಲ್ ಬಿಳಿ ವರ್ಷ ಕಳೆದಂತೆ ಹಳದಿ ತಿರುಗುತ್ತದೆ, ಬೆಳಕು ಬೀಳದ ಮೂಲೆಯಲ್ಲಿಟ್ಟರೆ ಇನ್ನೂ ಬೇಗ. ಪರದೆಯ ಸುತ್ತ ಮಾತ್ರ ಮ್ಯಾಟ್ ಕಪ್ಪು ಹಾಕಿ. ಹೊಳೆಯುವ ಬಣ್ಣ ಇದ್ದರೆ ಪರದೆಯ ಬೆಳಕೆಲ್ಲ ಅಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತದೆ.

ಎರಡನೇ ಪೆಟ್ಟಿಗೆಯಲ್ಲಿ ಆದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಎನಾಮಲ್ ಬಳಿದು ಎರಡು ದಿನವಾಗಿತ್ತು, ಮುಟ್ಟಿದರೆ ಒಣಗಿದ ಹಾಗೇ ಇತ್ತು. ಅದರ ಮೇಲೆ ಸ್ಪ್ರೇ ಡಬ್ಬದಿಂದ ಕೆಂಪು ಪಟ್ಟಿ ಹೊಡೆದೆ. ನೋಡನೋಡುತ್ತಿದ್ದಂತೆ ಕೆಳಗಿನ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಸ್ಪ್ರೇಯಲ್ಲಿರುವ ತಿನ್ನರ್ ಬಹಳ ಚುರುಕು, ಅರ್ಧ ಒಣಗಿದ ಎನಾಮಲ್ಲನ್ನು ಅದು ಎಬ್ಬಿಸಿಬಿಡುತ್ತದೆ. ಮೇಲೊಣಗುವುದು ಬೇರೆ, ಒಳಗಿನ ತನಕ ಗಟ್ಟಿಯಾಗುವುದು ಬೇರೆ. ಎನಾಮಲ್ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ.

ಇನ್ನು ಸ್ಪ್ರೇಯಲ್ಲಿ ಹೊಡೆಯುವ ಡ್ಯುಕೊ ಪೇಂಟ್, ಪಿಯು. ಕಾರಿನ ಹಾಗೆ ಹೊಳೆಯುತ್ತದೆ, ಒಪ್ಪುತ್ತೇನೆ. ಆದರೆ ಎರಡು ಡಬ್ಬ ಬೆರೆಸುವ ಪಿಯುವಿನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಹನಿ ಉಸಿರಿಗೆ ಹೋದರೆ ಆಸ್ತಮಾ ಬರಬಹುದು. ಮಕ್ಕಳಿರುವ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ದಯವಿಟ್ಟು ಹೊಡೆಯಬೇಡಿ. ಸ್ಪ್ರೇ ಬೂತ್ ಇರುವ ವರ್ಕ್‌ಶಾಪಿಗೇ ಕೊಡಿ, ದುಡ್ಡು ಹೋದರೂ ಹೋಗಲಿ.

ಬಟನ್ ಇರುವ ಹಲಗೆಗೆ ನಾನು ಈಗ ಬಣ್ಣವನ್ನೇ ಹಾಕುವುದಿಲ್ಲ, ಸನ್‌ಮೈಕ ಅಂಟಿಸುತ್ತೇನೆ. ಗಂಟೆಗಟ್ಟಲೆ ಬೆವರಿದ ಮಣಿಕಟ್ಟು ಊರಿದರೆ ಯಾವ ಎನಾಮಲ್ ಉಳಿದೀತು? ಬಟನ್‌ಗೆ 30 ಮಿಲಿಮೀಟರ್ ತೂತು ಕೊರೆದು ಅದರೊಳಗೆಲ್ಲ ದಪ್ಪಗೆ ಬಣ್ಣ ತುಂಬಿದರೆ ಬಟನ್ ಕೂರುವುದೂ ಇಲ್ಲ.

ಈಗ ಮೂರನೇ ಪೆಟ್ಟಿಗೆ ಸ್ಟೋರ್ ರೂಮಿನಲ್ಲಿ ಒಣಗುತ್ತಿದೆ, ಇವತ್ತಿಗೆ ಹನ್ನೊಂದನೇ ದಿನ. ಮಗ ದಿನಾ ಸಂಜೆ "ಅಪ್ಪಾ, ಇವತ್ತು ಆಡಬಹುದಾ?" ಅಂತ ಕೇಳುತ್ತಾನೆ. ಹಿಂಭಾಗದ ಮೂಲೆಯಲ್ಲಿ ಹೆಬ್ಬೆರಳಿನ ಉಗುರು ಒತ್ತಿ ನೋಡುತ್ತೇವೆ, ಇಬ್ಬರೂ ಸೇರಿ. ನಿನ್ನೆಯೂ ಸಣ್ಣ ಗುರುತು ಬಿತ್ತು. ಇನ್ನೊಂದು ವಾರ ಬೇಕು ಅನ್ನಿಸುತ್ತದೆ.

ಅಂದ ಹಾಗೆ ಅರ್ಧ ಡಬ್ಬ ವುಡ್ ಪ್ರೈಮರ್ ಉಳಿದಿದೆ. ರಾಜಾಜಿನಗರದ ಕಡೆ ಯಾರಾದರೂ ಪೆಟ್ಟಿಗೆ ಮಾಡುತ್ತಿದ್ದರೆ ಮೆಸೇಜ್ ಮಾಡಿ, ಬಂದು ತೆಗೆದುಕೊಂಡು ಹೋಗಿ.