ಬ್ರೇಡಿ ಕೈ ಸೋತಿರಲಿಲ್ಲ
ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಟಾಮ್ ಬ್ರೇಡಿ ಆಟ 2019ರಲ್ಲೇ, ನ್ಯೂ ಇಂಗ್ಲೆಂಡ್ ತಂಡದಲ್ಲಿದ್ದಾಗಲೇ, ಕುಸಿದಿತ್ತು ಅಂತ ಒಂದು ಲೇಖನ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಆ ಸೀಸನ್‌ನಲ್ಲಿ 24 ಟಚ್‌ಡೌನ್ ಪಾಸ್ (ಅಂಕ ತಂದುಕೊಡುವ ಎಸೆತ) ಮಾತ್ರ, ನಿಜ. ಪ್ಲೇಆಫ್‌ನಲ್ಲಿ (ನಾಕೌಟ್ ಹಂತದಲ್ಲಿ) ಟೈಟನ್ಸ್ ತಂಡದ ವಿರುದ್ಧ ಎಸೆದ ಕೊನೆಯ ಪಾಸ್ ಎದುರಾಳಿ ಕೈಗೆ ಸಿಕ್ಕಿ ಅವರಿಗೇ ಟಚ್‌ಡೌನ್ ಆಯ್ತು. ಆದರೆ ಅವರ ಪಾಸ್ ಹಿಡಿಯುತ್ತಿದ್ದ ಗ್ರಾಂಕೌಸ್ಕಿ ಆಗ ತಂಡದಲ್ಲೇ ಇರಲಿಲ್ಲವಲ್ಲ! ಎಡೆಲ್‌ಮನ್ ಬಿಟ್ಟರೆ ಚೆಂಡು ಹಿಡಿಯಲು ನಂಬಿಕಸ್ಥರು ಯಾರಿದ್ದರು ಹೇಳಿ? ಮರುವರ್ಷ ಬ್ರೇಡಿ ಸೇರಿದ ಟ್ಯಾಂಪಾ ತಂಡದಲ್ಲಿ ಪಾಸ್ ಹಿಡಿಯಲು ಇವಾನ್ಸ್, ಗಾಡ್ವಿನ್ ಸಿಕ್ಕರು, ಗ್ರಾಂಕೌಸ್ಕಿಯೂ ವಾಪಸ್ ಬಂದರು. 40 ಟಚ್‌ಡೌನ್ ಪಾಸ್, 43ನೇ ವಯಸ್ಸಿನಲ್ಲಿ ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆಲುವು! ಸುಮ್ನೆ ವಯಸ್ಸು ನೋಡಿ ತೀರ್ಪು ಕೊಡಬಾರದು. ನಿಜವಾದ ಕುಸಿತ ಅಂದರೆ 2015ರ ಪೇಟನ್ ಮ್ಯಾನಿಂಗ್, ಡೆನ್ವರ್ ತಂಡದ ಕ್ವಾರ್ಟರ್‌ಬ್ಯಾಕ್. 9 ಟಚ್‌ಡೌನ್, 17 ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಸಿಕ್ಕ ಪಾಸ್). ಎಸೆದ ಚೆಂಡು ಗಾಳಿಯಲ್ಲಿ ತೇಲುತ್ತಿತ್ತು, ಜೋರೇ ಇರಲಿಲ್ಲ. ಆ ವರ್ಷ ಡೆನ್ವರ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟಿದ್ದು ತಂಡದ ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಆಟಗಾರರು), ಅಲ್ವಾ?