ಒತ್ತಕ್ಷರದ ಕಾಲು ಕತ್ತರಿಸುವ ವೆಬ್‌ಸೈಟುಗಳು

ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಗೋಕಾಕದ ಕರದಂಟು, ವಿಜಯಪುರದ ಒಣದ್ರಾಕ್ಷಿ. ಇವನ್ನು ಆನ್‌ಲೈನಿನಲ್ಲಿ ಮಾರುವ ನಮ್ಮ ಕಡೆಯ ಸಣ್ಣ ಅಂಗಡಿಗಳ ವೆಬ್‌ಸೈಟುಗಳನ್ನು ಮೊಬೈಲಿನಲ್ಲಿ ತೆಗೆದು ನೋಡ್ರಿ. ಇಂಗ್ಲಿಷಿನಲ್ಲಿ ಇರೋತನಕ ಚಂದ. ಮೇಲಿರುವ ‘ಕನ್ನಡ’ ಗುಂಡಿ ಒತ್ತಿದಿರೋ, ಮುಗೀತು. ‘ಗುಳೇದಗುಡ್ಡ’ದ ಕೆಳಗಿನ ಡ ಒತ್ತು ಅರ್ಧ ಮಾಯ. ‘ವಸ್ತ್ರ’ದ ಕಾಲು ಕೆಳಗಿನ ಸಾಲಿನ ತಲೆ ತುಳಿಯುತ್ತಿರುತ್ತದೆ. ಬಟನ್ನಿನ ಪದ ಬಟನ್ ದಾಟಿ ಹೊರಗೆ ಇಣುಕುತ್ತದೆ. ಇನ್ನು ಕೆಲವರು ಈ ರಗಳೆಯೇ ಬೇಡವೆಂದು ಕನ್ನಡದ ಭಾಗವನ್ನೆಲ್ಲ ಜೆಪೆಗ್ ಚಿತ್ರ ಮಾಡಿ ಹಚ್ಚಿಬಿಟ್ಟಿರುತ್ತಾರೆ.

ಕೇಳಿದರೆ ‘ಕನ್ನಡ ಫಾಂಟಿನದು ಇದೇ ಹಣೆಬರಹ’ ಅನ್ನುವ ಉತ್ತರ ಸಿಗುತ್ತದೆ. ಫಾಂಟಿನ ಮೇಲೆ ತಪ್ಪು ಹೊರಿಸುವುದು ಸುಲಭ. ನನ್ನ ಪ್ರಕಾರ ತಪ್ಪು ಆಗಿರೋದು ವಿನ್ಯಾಸ ಬಿಡಿಸುವ ಫಿಗ್ಮಾ ತಂತ್ರಾಂಶದ ಮೊದಲ ಹಾಳೆಯಲ್ಲಿ. ಅಲ್ಲಿ ಲೋರೆಮ್ ಇಪ್ಸಮ್ ಅನ್ನುವ ಅರ್ಥವಿಲ್ಲದ ತುಂಬುಪಠ್ಯ ಹಾಕಿ ಅಕ್ಷರ ಕೂಡುವ ಡಬ್ಬಿಯ ಅಳತೆ ನಿಗದಿ ಮಾಡಿ, ಗಿರಾಕಿಯಿಂದ ಒಪ್ಪಿಗೆ ತಗೊಂಡು, ಕೊನೆಯ ವಾರದಲ್ಲಿ ಅದೇ ಡಬ್ಬಿಗೆ ಕನ್ನಡ ತುರುಕುತ್ತೇವೆ. ಕನ್ನಡದ ಸಾಲು ಮೊದಲು ಬರಬೇಕು, ಡಬ್ಬಿ ಆಮೇಲೆ. ಇದಿಷ್ಟೇ ನನ್ನ ವಾದ. ಯಾಕೆ, ಹೇಗೆ ಅನ್ನುವುದಕ್ಕೆ ಮಾತ್ರ ಸ್ವಲ್ಪ ಜಾಗ ಬೇಕು.

ಇಂಗ್ಲಿಷ್ ಅಕ್ಷರ ಕೆಳಗೆ ಇಳಿಯುವುದು ಒಂದೇ ಹಂತ, ಜಿ, ವೈ ಅಕ್ಷರಗಳ ಬಾಲದಷ್ಟು. ಕನ್ನಡ ಹಾಗಲ್ಲ. ‘ಲಕ್ಷ್ಮಿ’, ‘ರಾಷ್ಟ್ರೀಯ’, ‘ವೈಶಿಷ್ಟ್ಯ’ ಇವುಗಳಲ್ಲಿ ಒಂದರ ಕೆಳಗೆ ಒಂದರಂತೆ ಒತ್ತು ಕೂಡುತ್ತದೆ, ಮೇಲೆ ಗುಡಿಸೂ ಇರುತ್ತದೆ. ಇಷ್ಟಕ್ಕೂ ಜಾಗ ಬೇಕು. ಇಂಗ್ಲಿಷಿಗಾಗಿ ಮಾಡಿದ ರೆಡಿಮೇಡ್ ಟೆಂಪ್ಲೇಟುಗಳು ದೊಡ್ಡ ಶೀರ್ಷಿಕೆಗೆ ಜಾಗವನ್ನೇ ಬಿಡುವುದಿಲ್ಲ. ಟೇಲ್‌ವಿಂಡ್ ಅನ್ನುವ ರೆಡಿಮೇಡ್ ಸ್ಟೈಲುಗಳ ಕಟ್ಟನ್ನು ತಗೊಳ್ಳಿ: 5ಎಕ್ಸ್‌ಎಲ್ ಮತ್ತು ಅದಕ್ಕಿಂತ ದೊಡ್ಡ ಅಳತೆಗಳಿಗೆ ಅದರ ಲೈನ್ ಹೈಟ್ ಮೂಲದಲ್ಲೇ 1. ಅಕ್ಷರದ ಅಳತೆ 48 ಪಿಕ್ಸೆಲ್ ಆದರೆ ಸಾಲಿನ ಎತ್ತರವೂ 48. ಅದರ ಮೇಲೆ ‘ಟ್ರ್ಯಾಕಿಂಗ್ ಟೈಟ್’ ಅಂತ ಅಕ್ಷರಗಳ ನಡುವಿನ ಅಂತರವನ್ನು ಮೈನಸ್ 0.025 ಎಮ್ (ಒಂದು ಎಮ್ ಅಂದರೆ ಅಕ್ಷರದ ಅಳತೆಯಷ್ಟು) ಮಾಡಿ, ಡಬ್ಬಿಗೆ ಓವರ್‌ಫ್ಲೋ ಹಿಡನ್ (ದಾಟಿದ್ದನ್ನು ಮುಚ್ಚು) ಹಾಕಿದರೆ ಒತ್ತಿನ ಕಾಲು ಕತ್ತರಿಸಲಿಕ್ಕೆ ಬೇರೆ ಕತ್ತರಿ ಬೇಕಿಲ್ಲ.

ಕನ್ನಡ ಪುಟಕ್ಕೆ ನಾನು ಹೇಳುವ ಲೆಕ್ಕ: ಓದುವ ಪಠ್ಯಕ್ಕೆ ಮೊಬೈಲಿನಲ್ಲಿ 17ರಿಂದ 18 ಪಿಕ್ಸೆಲ್, ಲೈನ್ ಹೈಟ್ 1.7. ಶೀರ್ಷಿಕೆಗೆ 1.4ಕ್ಕಿಂತ ಕೆಳಗೆ ಇಳಿಸಬೇಡಿ. ಲೆಟರ್ ಸ್ಪೇಸಿಂಗ್ ಸೊನ್ನೆ. ಬಟನ್ ಮತ್ತು ಇನ್‌ಪುಟ್ ಡಬ್ಬಿಗಳಿಗೆ ಹೈಟ್ ಕಟ್ಟಬೇಡಿ. ಮಿನ್ ಹೈಟ್ (ಕನಿಷ್ಠ ಎತ್ತರ) ಕೊಟ್ಟು ಮೇಲೆ ಕೆಳಗೆ ಪ್ಯಾಡಿಂಗ್ (ಖಾಲಿ ಜಾಗ) ಬಿಡಿ. ಮೂರೇ ಸಾಲು ತೋರಿಸಿ ಉಳಿದದ್ದನ್ನು ಮುಚ್ಚುವ ಲೈನ್ ಕ್ಲ್ಯಾಂಪ್ ಬಳಸಿದರೆ ಮೂರನೇ ಸಾಲಿನ ಒತ್ತು ಖಂಡಿತ ಹೋಗುತ್ತದೆ ಅಂತಲೇ ತಿಳಿದು ಕೆಳಗೆ 0.25 ಎಮ್ ಪ್ಯಾಡಿಂಗ್ ಹಾಕಿ. ಅಕ್ಷರದೊಳಗೆ ಬಣ್ಣದ ಗ್ರೇಡಿಯಂಟ್ ತುಂಬುವ ಶೋಕಿ ಈಗ ಭಾಳ ನಡೆದಿದೆ. ಅಲ್ಲಿ ಬಣ್ಣ ಬರುವುದು ಡಬ್ಬಿಯ ಹಿನ್ನೆಲೆಯಿಂದ. ಒತ್ತು ಡಬ್ಬಿ ದಾಟಿ ಇಳಿದರೆ ಅದಕ್ಕೆ ಬಣ್ಣವೇ ಸಿಗುವುದಿಲ್ಲ, ಅಕ್ಷರ ಅರ್ಧ ಅದೃಶ್ಯ. ಪರಿಹಾರ ಅದೇ ಪ್ಯಾಡಿಂಗ್.

ಲಿಂಕಿನ ಅಡಿಗೆರೆಯದೂ ಒಂದು ತಕರಾರಿದೆ. ಬ್ರೌಸರ್ ಅಡಿಗೆರೆಯನ್ನು ಒತ್ತು ಬಂದಲ್ಲೆಲ್ಲ ಕಡಿಯುತ್ತದೆ. ‘ಹುಕ್ಕೇರಿ’, ‘ಚಿಕ್ಕೋಡಿ’, ‘ಮುದ್ದೇಬಿಹಾಳ’ ಬರೆದು ನೋಡಿದರೆ ಗೆರೆ ಇಲಿ ಕಡಿದ ದಾರದ ಹಾಗೆ. ಅಂಡರ್‌ಲೈನ್ ಆಫ್‌ಸೆಟ್ 0.3 ಎಮ್ ಕೊಟ್ಟು ಕೆಳಗೆ ಸರಿಸಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರ ಇಲ್ಲ, ಇಟಾಲಿಕ್ ನಮ್ಮ ರೂಢಿಯೂ ಅಲ್ಲ. ಆದರೂ ಇಟಾಲಿಕ್ ಅಂತ ಬರೆದರೆ ಬ್ರೌಸರ್ ನೆಟ್ಟಗಿದ್ದ ಅಕ್ಷರವನ್ನೇ ಹಿಡಿದು ಓರೆ ಮಾಡಿಬಿಡುತ್ತದೆ. ಬೋಲ್ಡ್ ಇಲ್ಲದ ಫಾಂಟಿಗೆ ಬೋಲ್ಡ್ ಕೇಳಿದರೆ ಗೆರೆಗೆ ಮಸಿ ಮೆತ್ತಿ ದಪ್ಪ ಮಾಡುತ್ತದೆ. ‘ಇ’, ‘ಣ’, ‘ಜ’ಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಫಾಂಟ್ ಸಿಂಥೆಸಿಸ್ ಅನ್ನುವ ಸೆಟ್ಟಿಂಗನ್ನು ‘ನನ್’ (ಬೇಡ) ಮಾಡಿಟ್ಟರೆ ಇವೆರಡೂ ನಿಲ್ಲುತ್ತವೆ.

ಹಾಗಾದರೆ ಯಾವ ಫಾಂಟು? ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ, ವ್ಯಾಪಾರಕ್ಕೂ ಬಳಸಬಹುದಾದ ಕನ್ನಡ ಫಾಂಟುಗಳು ಈಗ ಸಾಕಷ್ಟಿವೆ. ನೋಟೊ ಸ್ಯಾನ್ಸ್ ಕನ್ನಡ 100ರಿಂದ 900ರ ತನಕ ಎಲ್ಲ ತೂಕದಲ್ಲೂ (ಗೆರೆಯ ದಪ್ಪದಲ್ಲೂ) ಸಿಗುತ್ತದೆ, ಎಲ್ಲಿ ಹಾಕಿದರೂ ಕೆಲಸ ಕೆಡಿಸುವುದಿಲ್ಲ, ಸ್ವಲ್ಪ ಸಪ್ಪೆ. ಎಕ್ ಟೈಪ್ ಬಳಗದ ಅನೇಕ್ ಕನ್ನಡದಲ್ಲಿ ಅಗಲವನ್ನೂ 75ರಿಂದ 125ರ ತನಕ ಬದಲಿಸಬಹುದು. ಇದು ಕನ್ನಡಕ್ಕೆ ಸಿಕ್ಕ ದೊಡ್ಡ ಅನುಕೂಲ. ‘ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ’ದಂಥ ಹೆಸರನ್ನು 360 ಪಿಕ್ಸೆಲ್ ಅಗಲದ ಪರದೆಯಲ್ಲಿ ಕೂಡ್ರಿಸಬೇಕಾದಾಗ ಅಳತೆ ಇಳಿಸುವುದಕ್ಕಿಂತ ಅಗಲ 85 ಮಾಡುವುದು ವಾಸಿ. ಉದ್ದ ಲೇಖನಕ್ಕೆ ಟಿರೊ ಕನ್ನಡ ಕಣ್ಣಿಗೆ ಹಿತ. ‘ಹುಬ್ಬಳ್ಳಿ’ ಅನ್ನುವ ಹೆಸರಿನದೇ ಫಾಂಟು ಇದೆ, ಚಂದವೂ ಇದೆ. ಒಂದೇ ತೂಕ, ಹಾಗಾಗಿ ಬೋಲ್ಡ್ ಕೇಳಬೇಡಿ.

ಫಾಂಟನ್ನು ನಿಮ್ಮದೇ ಸರ್ವರಿನಲ್ಲಿ ಇಡುವುದಾದರೆ ವೊಫ್2 ಅನ್ನುವ ಹಿಂಡಿದ ಫೈಲಿನ ರೂಪದಲ್ಲಿ ಇಡಿ. ಒತ್ತುಗಳಿಗೆಲ್ಲ ಬೇರೆ ಬೇರೆ ಆಕಾರ ಇರುವುದರಿಂದ ಕನ್ನಡ ಫಾಂಟಿನ ಫೈಲು ಇಂಗ್ಲಿಷಿನದಕ್ಕಿಂತ ದೊಡ್ಡದು. ಫೈಲು ಚಿಕ್ಕದು ಮಾಡಲಿಕ್ಕೆ ಬೇಡದ ಅಕ್ಷರ ಕಿತ್ತು ಸಬ್‌ಸೆಟ್ ಮಾಡುವವರು ಇಲ್ಲೇ ಎಡವುತ್ತಾರೆ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡಿನ ಕನ್ನಡ ಭಾಗ ಒಂದನ್ನೇ ಉಳಿಸಿ ಬಾಕಿ ಎಲ್ಲ ಕಿತ್ತರೆ ರೂಪಾಯಿ ಚಿಹ್ನೆ ಹೋಗುತ್ತದೆ, ಕಣ್ಣಿಗೆ ಕಾಣದ ಎರಡು ಜೋಡಕಗಳು (ಸಂಕೇತ 200ಸಿ, 200ಡಿ; ಇವುಗಳ ಕೆಲಸ ಮುಂದೆ ಹೇಳುತ್ತೇನೆ) ಹೋಗುತ್ತವೆ. ಲೇಔಟ್ ಫೀಚರ್‌ಗಳನ್ನು (ಒತ್ತು ಜೋಡಿಸುವ ನಿಯಮಗಳನ್ನು) ಕಿತ್ತರಂತೂ ಒತ್ತೇ ಕೂಡುವುದಿಲ್ಲ, ‘ಅಕ್ಕ’ ಹೋಗಿ ‘ಅಕ್‌ಕ’ ಆಗುತ್ತದೆ. ಸಬ್‌ಸೆಟ್ ಮಾಡುವ ಫಾಂಟ್‌ಟೂಲ್ಸ್ ತಂತ್ರಾಂಶದಲ್ಲಿ ಲೇಔಟ್ ಫೀಚರ್ಸ್ ಎದುರಿಗೆ ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ಉಳಿಸಿಕೊಳ್ಳಿ. ಡಿಸ್‌ಪ್ಲೇ ‘ಸ್ವಾಪ್’ ಇಟ್ಟರೆ ಮೊದಲು ವಿಂಡೋಸ್‌ನಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೊ ಕಾಣಿಸಿ ಆಮೇಲೆ ನಿಮ್ಮದು ಬರುತ್ತದೆ. ಆಗ ಪುಟ ಕುಣಿಯುತ್ತದೆ. ಈ ಕುಣಿತವನ್ನು ಅಳೆಯುವ ಸಿಎಲ್‌ಎಸ್ ಅಂಕಕ್ಕೆ ಗೂಗಲ್ ಇಟ್ಟ ಮಿತಿ 0.1. ಸೈಜ್ ಅಡ್ಜಸ್ಟ್ ಬಳಸಿ ಎರಡೂ ಫಾಂಟುಗಳ ಅಳತೆ ಹೊಂದಿಸಿಕೊಳ್ಳಬಹುದು. ಇದೇ ಉಪಾಯದಿಂದ, ಇಂಗ್ಲಿಷಿನ ಪಕ್ಕ ಕನ್ನಡ ಚಿಕ್ಕದಾಗಿ ಕಂಡರೆ ಕನ್ನಡವನ್ನಷ್ಟೇ ಶೇಕಡಾ 105ರಿಂದ 110ಕ್ಕೆ ಏರಿಸಬಹುದು.

ಈ ವರ್ಷಗಳಲ್ಲಿ ಎಲ್ಲರಿಗೂ ಹಿಡಿದ ಹುಚ್ಚು ಅನಿಮೇಶನ್. ಅನಿಮೇಶನ್ ಮಾಡುವ ಜಿಸ್ಯಾಪ್ ಲೈಬ್ರರಿಯನ್ನು ವೆಬ್‌ಫ್ಲೋ ಕಂಪನಿ ಕೊಂಡ ಮೇಲೆ 2025ರಲ್ಲಿ ಅದರ ಎಲ್ಲ ಪ್ಲಗಿನ್ನುಗಳೂ ಉಚಿತವಾದವು, ಸ್ಪ್ಲಿಟ್‌ಟೆಕ್ಸ್ಟ್ ಕೂಡ. ಶೀರ್ಷಿಕೆಯ ಅಕ್ಷರಗಳು ಒಂದೊಂದಾಗಿ ಉದುರಿ ಬೀಳುವ ಆಟ ಅದು. ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ಅಕ್ಷರ ಎಂದರೆ ಕಂಪ್ಯೂಟರಿನ ಲೆಕ್ಕವೇ ಬೇರೆ: ‘ಸ್ತ್ರೀ’ ನಮಗೆ ಒಂದಕ್ಷರ, ಯೂನಿಕೋಡಿಗೆ ಆರು ಸಂಕೇತ. ಅದನ್ನು ಬಿಡಿಬಿಡಿಯಾಗಿ ಸ್ಪ್ಯಾನ್ ಅನ್ನುವ ಪುಟ್ಟ ಡಬ್ಬಿಗಳೊಳಗೆ ಕೂಡ್ರಿಸಿದರೆ ಒತ್ತು ಕೂಡಲು ದಾರಿಯೇ ಇಲ್ಲ. ಸ್ವರಚಿಹ್ನೆ ಒಂಟಿಯಾಗಿ ನಿಂತು ಚುಕ್ಕೆಗಳ ಉಂಗುರ ಕಾಣಿಸುತ್ತದೆ. ಕನ್ನಡಕ್ಕೆ ಪದ ಅಥವಾ ಸಾಲಿನ ಮಟ್ಟದಲ್ಲೇ ಒಡೆಯಿರಿ. ಅಕ್ಷರವೇ ಬೇಕೆಂದರೆ ಜಾವಾಸ್ಕ್ರಿಪ್ಟಿನ ಪಠ್ಯ ಒಡೆಯುವ ಇಂಟ್ಲ್ ಸೆಗ್ಮೆಂಟರ್ ಬಳಸಿ, ಹಲಂತದಲ್ಲಿ (‘ಕ್’ನಂತೆ ಸ್ವರವಿಲ್ಲದೆ) ಮುಗಿದ ತುಂಡನ್ನು ಮುಂದಿನ ತುಂಡಿಗೆ ಅಂಟಿಸುವ ನಾಲ್ಕು ಸಾಲು ನೀವೇ ಬರೆಯಬೇಕು. ಉದ್ದ ಪದವನ್ನು ಎಲ್ಲೆಂದರಲ್ಲಿ ಮುರಿಯುವ ‘ಬ್ರೇಕ್ ಆಲ್’ ಕೂಡ ಹಲಂತದ ಹತ್ತಿರ ಮುರಿದು ಇದೇ ಅವಾಂತರ ಮಾಡಬಹುದು. ಪದ ಹಿಡಿಸದಿದ್ದಾಗ ಮಾತ್ರ ಮುರಿಯುವ ಓವರ್‌ಫ್ಲೋ ವ್ರ್ಯಾಪ್ ಸಾಕು. ಹೊಸದರಲ್ಲಿ ಕನ್ನಡಕ್ಕೆ ನಿಜವಾಗಿ ಉಪಕಾರಿಯಾದದ್ದು ಟೆಕ್ಸ್ಟ್ ವ್ರ್ಯಾಪ್ ಬ್ಯಾಲೆನ್ಸ್. 2024ರಿಂದ ಮುಖ್ಯ ಬ್ರೌಸರುಗಳಲ್ಲೆಲ್ಲ ನಡೆಯುತ್ತದೆ. ಎರಡು ಸಾಲಿನ ಶೀರ್ಷಿಕೆಯಲ್ಲಿ ಕೊನೆಯ ಪದ ಅನಾಥವಾಗಿ ಕೆಳಗೆ ಬೀಳುವುದು ತಪ್ಪುತ್ತದೆ.

ಇನ್ನು ಪಠ್ಯ ಎಲ್ಲಿಂದ ಬರುತ್ತದೆ ಅನ್ನೋದು. ನಮ್ಮ ಕಡೆ ಡಿಟಿಪಿ ಅಂಗಡಿಯಿಂದ. ಅಲ್ಲಿ ಕೋರಲ್‌ಡ್ರಾ ಅಥವಾ ಪೇಜ್‌ಮೇಕರಿನಲ್ಲಿ ಹಳೆಯ ನುಡಿ ಫಾಂಟಿನಿಂದ ಕರಪತ್ರ ಕಟ್ಟಿರುತ್ತಾರೆ. ಅದು ನೋಡಲಿಕ್ಕೆ ಕನ್ನಡ, ಒಳಗೆ ಇಂಗ್ಲಿಷಿನ ಸಂಕೇತ. ‘ಕನ್ನಡ’ ಅಂತ ಕಾಣುವ ಪದವನ್ನು ನಕಲು ಮಾಡಿ ವೆಬ್‌ಸೈಟಿಗೆ ಹಾಕಿದರೆ ದೊಡ್ಡ ಪಿ, ತಲೆಗೆ ಗೆರೆ ಹೊತ್ತ ಎ, ಪೌಂಡ್ ಚಿಹ್ನೆ ಹೀಗೆ ಚೆಲ್ಲುತ್ತದೆ. ಇದನ್ನು ನೋಡಿ ಹೆದರಿದವರೇ ಚಿತ್ರದ ದಾರಿ ಹಿಡಿಯೋದು. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಬಳಸಿ, ಆದರೆ ಪರಿವರ್ತನೆ ಆದ ಮೇಲೆ ಒಬ್ಬರು ಕೂತು ಓದಲೇಬೇಕು. ನಡುವೆ ಬಂದ ಇಂಗ್ಲಿಷ್ ಪದಗಳು, ಇಮೇಲ್ ವಿಳಾಸಗಳು ಕನ್ನಡದ ಕಲಸುಮೇಲೋಗರ ಆಗಿರುತ್ತವೆ. ಅರ್ಕಾವತ್ತು ಜಾಗ ತಪ್ಪಿರಬಹುದು, ಯಾಕೆಂದರೆ ಹಳೆಯ ಫಾಂಟಿನಲ್ಲಿ ಅದು ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು.

ಚಿತ್ರ ಮಾಡಿ ಹಚ್ಚಿದ್ದರಲ್ಲಿ ನಷ್ಟ ಯಾರದು? ‘ಚಿಕ್ಕಿ ಪರಾಸ್ ಅಂಚು, ಟೋಪ್ ತೆನಿ ಸೆರಗು’ ಅಂತ ಇಳಕಲ್ ಸೀರೆ ಹುಡುಕಿ ಬರುವ ಗಿರಾಕಿಗೆ ಗೂಗಲ್ ಆ ಪುಟ ತೋರಿಸಲಾರದು. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್ ಅದನ್ನು ಸರಿಯಾಗಿ ಓದದು. ಅಕ್ಷರ ದೊಡ್ಡದು ಮಾಡಿದರೆ ಮಸುಕು. ಬೆಲೆ ಬದಲಾದರೆ ಮತ್ತೆ ಡಿಟಿಪಿ ಅಂಗಡಿಗೆ ನಡೀರಿ.

ಕಣ್ಣಿಗೆ ಕಾಣದ ಜೋಡಕದ ಮಾತು ಬಂತಲ್ಲ. ‘ಸಾಫ್ಟ್‌ವೇರ್’ ಅನ್ನೋದು ‘ಸಾಫ್ಟ್ವೇರ್’ ಆಗದಂತೆ ತಡೆಯುವುದು ಅವೆರಡರಲ್ಲಿ ಮೊದಲನೆಯದು (200ಸಿ). ‘ಸೂರ್ಯ’ನಲ್ಲಿ ಬೇಕಾದ ಅರ್ಕಾವತ್ತು ‘ರ‍್ಯಾಂಕ್’ನಲ್ಲಿ ಬೇಡ ಎನ್ನುವುದು ಇನ್ನೊಂದರ ಕೆಲಸ. ಫಾರ್ಮಿನ ಕೋಡು ‘ಅನುಮಾನಾಸ್ಪದ ಅಕ್ಷರ’ ಎಂದು ಇವನ್ನು ಗುಡಿಸಿ ಹಾಕಿದರೆ ಅಚ್ಚುಕಟ್ಟಾಗಿ ಟೈಪ್ ಮಾಡಿದ್ದೂ ಕೆಡುತ್ತದೆ. ತೋರಿಸುವಲ್ಲಿ ಉಳಿಸಿ, ಹುಡುಕಾಟದ ಸೂಚಿಯಲ್ಲಿ ಮಾತ್ರ ತೆಗೆಯಿರಿ. ಸೂಚಿಗೆ ಹಾಕುವ ಮುನ್ನ ಪಠ್ಯವನ್ನು ಎನ್‌ಎಫ್‌ಸಿ ಅನ್ನುವ ಏಕರೂಪಕ್ಕೆ ತನ್ನಿ. ‘ಕೋ’ವನ್ನು ಒಂದು ಸ್ವರಚಿಹ್ನೆಯಿಂದಲೂ ಬರೆಯಬಹುದು, ತುಂಡು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತುವವರೂ ಬೇಕಾದಷ್ಟಿದ್ದಾರೆ.

ಅಂಕಿಗಳ ವಿಷಯದಲ್ಲಿ ನನ್ನದು ಸ್ವಲ್ಪ ಒರಟು ಅಭಿಪ್ರಾಯ: ಬೆಲೆ, ಫೋನ್, ಪಿನ್‌ಕೋಡ್ ಇವನ್ನು 1, 2, 3 ಅಂತಲೇ ಇಡಿ. ಆದರೆ ಬಳಸುವವರು ೧, ೨, ೩ ಒತ್ತಿದರೆ ‘ತಪ್ಪು ಸಂಖ್ಯೆ’ ಅಂತ ಬೈಯಬೇಡಿ. ಜಾವಾಸ್ಕ್ರಿಪ್ಟಿನ ಅಂಕಿ ತಪಾಸಣೆಗೆ 0ಯಿಂದ 9 ಮಾತ್ರ ಗೊತ್ತು. ಕನ್ನಡ ಅಂಕಿಯನ್ನು ಒಳಗೇ ಬದಲಾಯಿಸಿಕೊಳ್ಳುವುದು ಒಂದು ಸಾಲಿನ ಕೆಲಸ. ಹೆಸರಿನ ಡಬ್ಬಿಗೆ ‘ಗರಿಷ್ಠ 10’ ಅಂತ ಮಿತಿ ಹಾಕುವವರು ನೆನಪಿಡಿ, ‘ವಿಶ್ವೇಶ್ವರಯ್ಯ’ ಐದು ಅಕ್ಷರ, ಲೆಕ್ಕಕ್ಕೆ 13. ಆರ್ಡರ್ ಖಚಿತವಾಯಿತೆಂದು ಎಸ್‌ಎಂಎಸ್ ಕಳಿಸುವಾಗಲೂ ಇದೇ: ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160, ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ 70. ದಾಟಿದರೆ 67ರಂತೆ ತುಂಡಾಗಿ ಎರಡರ ದುಡ್ಡು ಬೀಳುತ್ತದೆ. ಪುಟದ ವಿಳಾಸವನ್ನು ಕನ್ನಡದಲ್ಲಿ ಇಡುವ ಉತ್ಸಾಹ ಒಳ್ಳೆಯದೇ, ಆದರೆ ‘ಇಳಕಲ್-ಸೀರೆ’ಯನ್ನು ವಾಟ್ಸ್‌ಆ್ಯಪಿಗೆ ನಕಲು ಮಾಡಿದಾಗ ಶೇಕಡಾ ಚಿಹ್ನೆಗಳ 82 ಅಕ್ಷರದ ರೈಲು ಆಗುತ್ತದೆ. ವಿಳಾಸ ಇಂಗ್ಲಿಷಿನಲ್ಲಿ ಚಿಕ್ಕದಾಗಿರಲಿ, ಶೀರ್ಷಿಕೆ ಕನ್ನಡದಲ್ಲಿರಲಿ.

ಬೆಳಗಾವಿಯ ಅಂಗಡಿಗಳಿಗೆ ಇನ್ನೊಂದು ಕೆಲಸ ಹೆಚ್ಚು, ಮೂರು ಲಿಪಿ. ಕನ್ನಡ, ಮರಾಠಿ, ಇಂಗ್ಲಿಷ್ ಒಂದೇ ಪುಟದಲ್ಲಿ ಬಂದರೆ ಮೂರನ್ನೂ ಒಂದೇ ಮನೆತನದಿಂದ, ಅಂದರೆ ನೋಟೊ ಇಲ್ಲವೇ ಅನೇಕ್‌ನಿಂದ ತನ್ನಿ, ಗೆರೆಯ ದಪ್ಪ ಹೊಂದುತ್ತದೆ. ಪ್ರತಿ ತುಂಡಿಗೂ ಲ್ಯಾಂಗ್ (ಭಾಷೆಯ) ಗುರುತು ಹಾಕಿ: ಕನ್ನಡಕ್ಕೆ ‘ಕೆಎನ್’, ಮರಾಠಿಗೆ ‘ಎಂಆರ್’. ಇದು ಬರೀ ಶಿಸ್ತಿನ ಮಾತಲ್ಲ. ಮರಾಠಿಯ ಲ ಮತ್ತು ಶ ಹಿಂದಿಯವಕ್ಕಿಂತ ಬೇರೆ ರೂಪದವು; ಕೆಲವು ದೇವನಾಗರಿ ಫಾಂಟುಗಳಲ್ಲಿ ಈ ಗುರುತು ಇದ್ದರೆ ಮಾತ್ರ ಮರಾಠಿ ರೂಪ ಬರುತ್ತದೆ. ಓದಿ ಹೇಳುವ ತಂತ್ರಾಂಶ ಯಾವ ದನಿಯಲ್ಲಿ ಓದಬೇಕೆಂದು ತಿಳಿಯುವುದೂ ಇದರಿಂದಲೇ. ಭಾಷೆ ಬದಲಿಸುವ ಗುಂಡಿಯಲ್ಲಿ ಆಯಾ ಭಾಷೆಯ ಹೆಸರು ಆಯಾ ಲಿಪಿಯಲ್ಲೇ ಇರಲಿ. ಬಾವುಟ ಹಾಕುವ ಚಾಳಿ ಎಲ್ಲಿಂದ ಬಂತೋ, ಬೆಳಗಾವಿಯಲ್ಲಂತೂ ಬೇಡವೇ ಬೇಡ.

ಫೋಟೊಶಾಪ್, ಇಲ್ಲಸ್ಟ್ರೇಟರಿನಲ್ಲಿ ಬ್ಯಾನರ್ ಮಾಡುವವರಿಗೆ ಒಂದು ಮಾತು: ಒತ್ತು ಕೂಡದಿದ್ದರೆ ಫಾಂಟ್ ಬದಲಿಸುತ್ತ ಕೂಡಬೇಡಿ. ಹಳೆಯ ಫೋಟೊಶಾಪ್ ಆದರೆ ಅದರ ಟೈಪ್ ಪ್ರಿಫರೆನ್ಸಿನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿ; ಇಲ್ಲಸ್ಟ್ರೇಟರಿನಲ್ಲಿ ಶೋ ಇಂಡಿಕ್ ಆಪ್ಷನ್ಸ್ ಚಾಲೂ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲಿನಲ್ಲಿ ಸೌತ್ ಏಶಿಯನ್ ಕಂಪೋಸರ್ ಹಾಕಿ.

ವೆಬ್‌ಸೈಟ್ ಮಾಡಿಸುವ ಅಂಗಡಿಕಾರರೂ ಇದನ್ನು ಓದುತ್ತಿದ್ದರೆ, ಕೊಟೇಶನ್ನಿಗೆ ಸಹಿ ಹಾಕುವ ಮೊದಲು ಡಿಸೈನರಿಗೆ ಈ ಸಾಲು ಕಳಿಸಿ: ‘ಗುಳೇದಗುಡ್ಡದ ಲಕ್ಷ್ಮಿ ವಸ್ತ್ರಾಲಯದ ವೈಶಿಷ್ಟ್ಯಪೂರ್ಣ ಸಾಫ್ಟ್‌ವೇರ್ ರ‍್ಯಾಂಕ್’. ಅರ್ಥ ಹುಡುಕಬೇಡಿ, ಅದು ಪರೀಕ್ಷೆಯ ಸಾಲು. ಮುಖಪುಟದ ದೊಡ್ಡ ಶೀರ್ಷಿಕೆಯಲ್ಲಿ, ಬಟನ್ನಿನಲ್ಲಿ, ಮೆನುವಿನಲ್ಲಿ, ಫಾರ್ಮಿನಲ್ಲಿ, ಹುಡುಕುವ ಡಬ್ಬಿಯಲ್ಲಿ ಇದನ್ನೇ ಹಾಕಿ, ನಿಮ್ಮ ಅಂಗಡಿಯ ಹುಡುಗರ ಕೈಯಲ್ಲಿರುವ ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ ತೋರಿಸಲು ಹೇಳಿ. ಕೊನೆಯ ಕಂತಿನ ದುಡ್ಡು ಅದಾದ ಮೇಲೆ.